ಎಡ ಮೊಣಕಾಲು ಮೊದಲು

ಅವನನ್ನು ನಾನು ನಲವತ್ತೊಂದು ಸಲ ಕೊಂದಿದ್ದೇನೆ.
ಗುಂಡು ಹಾರಿಸಿದವರು ಬೇರೆ;
ಅವನು ನೆಲ ಮುಟ್ಟಿದ ಮೇಲೆ
ಇನ್ನೆಷ್ಟು ಹೊತ್ತು ನೋಡಬೇಕು ಲೋಕ
ಎಂದು ಎಣಿಸಿ ಕತ್ತರಿ ಹಾಕಿದವಳು ನಾನು.
ಹದಿನಾಲ್ಕು ಫ್ರೇಮು. ಹೆಚ್ಚೆಂದರೆ ಇಪ್ಪತ್ತು.
ಆಮೇಲೆ ಕುದುರೆ, ಧೂಳು, ನಾಯಕನ ಗದ್ದ.

ಎಲ್ವುಡ್ ಪ್ರೂಯಿಟ್ ಅಂತ ಹೆಸರು,
ನೆಬ್ರಾಸ್ಕಾದ ಬಾವಿ ತೋಡುವವನ ಮಗ.
ಒಂದು ವರ್ಷ ಸ್ಟುಡಿಯೋದವರು ಆ ಹೆಸರನ್ನೂ ಕೆತ್ತಿ ನಯಮಾಡಿದರು,
ಹಲ್ಲು ಸರಿಮಾಡಿಸಿದರು, ಕೂದಲಿಗೆ ಕಪ್ಪು ಬಳಿದರು,
ಹೊಸ ನಟಿಯೊಬ್ಬಳ ಜೊತೆ ಐಸ್‌ಕ್ರೀಮು ತಿನ್ನಿಸಿ ಫೋಟೋ ತೆಗೆಸಿದರು.
ಚಿತ್ರ ಬಂತು, ಹೋಯಿತು. ಪತ್ರಿಕೆಯೊಂದು ಬರೆಯಿತು:
"ಕುದುರೆಯ ಅಭಿನಯ ಸಹಜವಾಗಿದೆ."
ಹಲ್ಲು ಅವನಿಗೇ ಉಳಿಯಿತು; ಹೆಸರು ವಾಪಸು ಹೋಯಿತು.

ಆಮೇಲೆ ಸಾಯುವ ಕೆಲಸ.
ಸಲೂನಿನ ಮೆಟ್ಟಿಲ ಮೇಲೆ, ಕುದುರೆಯ ನೀರಿನ ತೊಟ್ಟಿಯೊಳಗೆ,
ಬ್ಯಾಂಕಿನ ಬಾಗಿಲಲ್ಲಿ ಹಣದ ಚೀಲದ ಸಮೇತ;
ಯುದ್ಧದ ಚಿತ್ರವೊಂದರಲ್ಲಿ
ಬೆಳಿಗ್ಗೆ ಜರ್ಮನನಾಗಿ, ಊಟವಾದ ಮೇಲೆ ಅಮೆರಿಕನ್ನನಾಗಿ,
ಅದೇ ಗುಂಡಿಯಲ್ಲಿ.
ದಿನಗೂಲಿ. ಎತ್ತರದಿಂದ ಬಿದ್ದರೆ ಹತ್ತು ಡಾಲರು ಹೆಚ್ಚಿಗೆ.

ನನ್ನ ಕೋಣೆಗೆ ಕಿಟಕಿ ಇರಲಿಲ್ಲ.
ಬಿಳಿ ಕೈಗವಸು, ಅಂಟಿನ ಘಾಟು,
ಮೊಳೆಗಳಿಂದ ಜೋತುಬಿದ್ದ ಫಿಲ್ಮಿನ ಪಟ್ಟಿಗಳು
ಒಣಹಾಕಿದ ಹಾವಿನ ಪೊರೆಯಂತೆ.
"ಕೋಪೆಕಿ, ಬೇಡದ್ದನ್ನು ಬುಟ್ಟಿಗೆ ಎಸಿ" ಎನ್ನುತ್ತಿದ್ದರು.
ಬೇಡದ್ದು ಅಂದರೆ, ನಿರ್ದೇಶಕ ಸಾಕು ಅಂದ ಮೇಲೂ
ಕ್ಯಾಮೆರಾ ಬಾಯಿ ಮುಚ್ಚದ ಒಂದೆರಡು ಗಳಿಗೆ.
ಅಲ್ಲಿ ಪ್ರೂಯಿಟ್ ಏಳುತ್ತಿದ್ದ.
ಎಡ ಮೊಣಕಾಲು ಮೊದಲು, ಆಮೇಲೆ ಅಂಗೈ ಊರಿ,
ಟೋಪಿ ತಡಕಿ, ಎದೆಯ ಮೇಲಿನ ಚಾಕೊಲೇಟ್ ಪಾಕದ ನೆತ್ತರನ್ನು
ಬೆರಳಲ್ಲಿ ಬಳಿದು ನಾಲಿಗೆಗಿಟ್ಟು
ಪರವಾಗಿಲ್ಲ ಎಂಬಂತೆ ತಲೆಯಾಡಿಸುತ್ತಿದ್ದ.
ಒಂದು ಪಟ್ಟಿಯಲ್ಲಿ ತುಸು ಹೊತ್ತು ಏಳಲೇ ಇಲ್ಲ,
ಮೂಗಿನ ಮುಂದೆ ಹಾದುಹೋಗುವ ಇರುವೆಗೆ ದಾರಿ ಬಿಟ್ಟು.

ಅವನ್ನೆಲ್ಲ ನಾನು ಎಸೆಯಲಿಲ್ಲ.
ಯಾಕೆಂದು ಕೇಳಬೇಡಿ. ಪ್ರೀತಿಯಲ್ಲ.
ಹದಿಮೂರು ವರ್ಷದಲ್ಲಿ ನಮ್ಮ ಮಾತು ಒಂದೇ ಸಲ, ಕ್ಯಾಂಟೀನಿನಲ್ಲಿ.
"ಆ ಉಪ್ಪು ಸ್ವಲ್ಪ" ಅಂದ.
ಕೊಟ್ಟೆ.

ಕುದುರೆ ಚಿತ್ರಗಳು ಟೀವಿಗೆ ಹೋದವು, ಟೀವಿಯಿಂದಲೂ ಹೋದವು.
ಬರ್ಬ್ಯಾಂಕಿನ ಅಂಗಡಿಯೊಂದರಲ್ಲಿ ಗೋಡೆಯ ಬಣ್ಣ ಮಾರುತ್ತಿದ್ದಾನೆಂದು ಕೇಳಿದೆ.
ಹದಿನೇಳು ಬಗೆಯ ಬಿಳಿ ಇದೆಯಂತೆ,
ಒಂದೊಂದರ ಗುಣವನ್ನೂ ಗಿರಾಕಿಗೆ ತಿಳಿಹೇಳುತ್ತಿದ್ದನಂತೆ.
ಎಪ್ಪತ್ತೆರಡರ ಚಳಿಗಾಲ ಅಡುಗೆಮನೆಯಲ್ಲಿ ಬಿದ್ದ,
ಒಲೆಯ ಮೇಲೆ ಮೊಟ್ಟೆ ಬೇಯುತ್ತಿತ್ತು.
ಅದನ್ನು ಕತ್ತರಿಸಲು ನನ್ನನ್ನು ಯಾರೂ ಕರೆಯಲಿಲ್ಲ.

ಅವನ ಹೆಂಡತಿ ಆರ್ಡಿತ್‌ಗೆ ಕಾಗದ ಬರೆದೆ. ಬಂದಳು.
ನನ್ನ ಗ್ಯಾರೇಜಿನಲ್ಲಿ, ಹಾಸಿಗೆಯ ಹೊದಿಕೆಯ ಮೇಲೆ, ಒಂಬತ್ತು ನಿಮಿಷ
ಬರೀ ಎದ್ದ. ಎದ್ದ. ಮತ್ತೆ ಎದ್ದ.
ಮೀಸೆಯಿಟ್ಟು, ಮೀಸೆಯಿಲ್ಲದೆ, ಒಮ್ಮೆ ಪಾದ್ರಿಯ ನಿಲುವಂಗಿಯಲ್ಲಿ.
ಪ್ರೊಜೆಕ್ಟರಿನ ಕಟಕಟ ಬಿಟ್ಟರೆ ಸದ್ದಿಲ್ಲ.

"ಹನ್ನೆರಡಕ್ಕೆ ಅಪ್ಪನ ಬಾವಿಗೆ ಬಿದ್ದಿದ್ದ," ಅಂದಳು ಕೊನೆಗೆ,
"ಬಲಗಾಲನ್ನು ಆಮೇಲೆ ನಂಬಲೇ ಇಲ್ಲ.
ಮಂಚದಿಂದಲೂ ಹೀಗೇ ಏಳುತ್ತಿದ್ದ."
ಚೀಲದ ಬಾಯಿ ಮುಚ್ಚಿ, ತೆರೆದು, ಮುಚ್ಚಿ:
"ಆ ಇರುವೆಯದ್ದು ಇನ್ನೊಮ್ಮೆ ಹಾಕ್ತೀರಾ?"

ಸುರುಳಿ ಹಿಂದಕ್ಕೆ ಓಡಿಸುವಾಗ ದೀಪ ಆರಿಸಲು ಮರೆತೆ.
ಹೊದಿಕೆಯ ಮೇಲೆ ಅವನು ಟೋಪಿಯನ್ನು ನೆಲಕ್ಕಿಟ್ಟು,
ಅಂಗೈ ಊರಿ, ಎಡ ಮೊಣಕಾಲನ್ನು ಕೊನೆಗೆ ಮಡಚಿ
ಮೆಲ್ಲಗೆ ಮಲಗಿದ,
ಯಾರೂ ಗುಂಡು ಹಾರಿಸದೆ.