ಒಂಬತ್ತು ವಾಟ್

ಈ ಸಲ ಬಿಲ್ಲು ಇನ್ನೂರ ಹನ್ನೆರಡು.
ಬೈತಖೋಲದ ಶೇವಂತಿ ತಾಂಡೇಲ
ಚೀಟಿ ತಿರುಗಿಸಿ ನೋಡಿದಳು,
ಹಿಂದೆ ಇನ್ನೇನಾದರೂ ಬರೆದಿದ್ದಾರೋ ಎಂದು.

ನೇವಿ ಸಾಹೇಬರ ಮನೆಯಿಂದ ಬಂದಿದ್ದ ಫ್ರಿಜ್ಜು
ರಾತ್ರಿಯಿಡೀ ಟ್ರಾಲರಿನಂತೆ ಗುಡುಗುಡು.
ಗುಜರಿಗೆ ಹೋಯಿತು.
ಅರವತ್ತರ ಬಲ್ಬಿನ ಜಾಗದಲ್ಲಿ ಒಂಬತ್ತರದು.
ಮುಟ್ಟಿ ನೋಡಿದಳು:
‘ಇದಕ್ಕೆ ಜ್ವರವೇ ಬರೋದಿಲ್ಲವಲ್ಲ!’

ನಸುಕಿನ ನಾಲ್ಕಕ್ಕೆ
ಬಂಗಡೆ ಆರಿಸುವಾಗ ಮಾತ್ರ ತೊಡಕು.
ಹಳದಿ ಬೆಳಕಿಗೆ ದಾಕ್ಷಿಣ್ಯವಿತ್ತು,
ನಿನ್ನೆಯ ಮೀನಿಗೂ
ಇವತ್ತಿನ ಬಣ್ಣ ಹಚ್ಚುತ್ತಿತ್ತು.
ಈ ಬಿಳಿಯದು
ಕಿವಿರು ಎತ್ತಿ ತೋರಿಸುತ್ತದೆ,
ಮಸುಕಾದ ಕಣ್ಣನ್ನೂ.

ಉಳಿದದ್ದೆಷ್ಟು, ಹೋದದ್ದೆಷ್ಟು,
ಬೆರಳು ಮಡಚುತ್ತ ನಡುವೆ ಲೆಕ್ಕ ತಪ್ಪಿ
ಹನ್ನೊಂದು ಬಂಗಡೆ ಬುಟ್ಟಿಯಿಂದ ಹೊರಗಿಟ್ಟಳು,
ಬಲ್ಬನ್ನು ಬೈಯುತ್ತಲೇ.

ಮೆಟ್ಟಿಲ ಮೇಲಿನ ಬೆಕ್ಕಿಗೆ
ಯೂನಿಟ್ಟಿನ ಗೊಡವೆಯಿಲ್ಲ.