ಜಡೆ

ಹೊರಗೆ ಮೈನಸ್ ಇಪ್ಪತ್ತೆರಡು.
ಎಮಾಯೊಗಿ ನದಿ ಗಟ್ಟಿಯಾಗಿದೆ,
ಮೈಮೇಲೆಲ್ಲ ಸ್ಕೇಟು ಹುಡುಗರ ಗೀರು.
ತಾರ್ತುವಿನ ಈ ಮೂರನೇ ಮಹಡಿಯಲ್ಲಿ ವಿರ್ವೆ
ಮೈನಸ್ ಎಂಬತ್ತರ ಬಾಗಿಲು ತೆಗೆದು
"ಚಳಿ ಅಂದರೆ ಇದು" ಎನ್ನುತ್ತಾಳೆ. ದಿನಾ ಇದೇ ಮಾತು,
ದಿನಾ ಕಾರೆಲ್ ನಗುತ್ತಾನೆ.
ಇವತ್ತು ನಗಲಿಲ್ಲ.

ಕಂದು ಗಾಜಿನ ಶೀಶೆ, ಕಿರುಬೆರಳಷ್ಟು.
ತಳದಲ್ಲಿ ಬಿಳಿ ಪುಡಿ, ಇಪ್ಪತ್ತೈದು ಮಿಲಿಗ್ರಾಂ,
ಅವಳ ಚಳಿಗಾಲದ ಬೂಟಿಗಿಂತ ದುಬಾರಿ.
ಚಳಿ ಬಿಡುವ ತನಕ ಮುಚ್ಚಳ ತೆಗೆಯುವಂತಿಲ್ಲ,
ಗಾಳಿಯ ತೇವ ಇಳಿದರೆ ಕೆಟ್ಟಿತು.
ಅಂಗೈಯಲ್ಲಿ ಮುಚ್ಚಿ ಕಾಯುತ್ತಾಳೆ,
ಬಸ್ಸಿನ ಚಿಲ್ಲರೆ ಹಿಡಿದುಕೊಂಡವಳ ಹಾಗೆ.

ಎಣ್ಣೆಗೂ ನೀರಿಗೂ ಹುಟ್ಟಾ ಆಗದು.
ಇದು ಮಾತ್ರ ಎರಡೂ ಮನೆಯ ಕೂಸು:
ಕಾಲೆರಡನ್ನೂ ಕೊಬ್ಬಿನಲ್ಲಿ ಹೂತು
ಉದ್ದ ಜಡೆ ನೀರಿನಲ್ಲಿ ಬಿಚ್ಚಿ ನಿಲ್ಲುತ್ತದೆ.
ಮದ್ದು ಹೊತ್ತ ಕೊಬ್ಬಿನ ಹನಿಗೆ
ಸುತ್ತಲೂ ಇಂಥ ನೂರಾರು ಜಡೆ.
ನೆತ್ತರಲ್ಲಿ ಗಸ್ತು ತಿರುಗುವ ಕೋಶಗಳಿಗೆ
ಕಾಣುವುದು ಬರೀ ನೀರು.
ನೀರು ತಾನೇ, ಹೋಗಲಿ ಬಿಡು.

"ಮನೆ ಮುಟ್ಟಿದ ಮೇಲೆ?" ಎಂದು ಕೇಳಿದ್ದಳು ವಿರ್ವೆ,
ಮೂರು ವರ್ಷದ ಕೆಳಗೆ, ಕಾರೆಲ್ ಹೊಸಬನಿದ್ದಾಗ.
"ಕೋಟು ಕಳಚದೆ ಬಂದವರನ್ನು
ನಮ್ಮಮ್ಮ ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದಳು."
ಅವನ ಪ್ರಬಂಧದ ಎರಡನೇ ಅಧ್ಯಾಯ ಅಷ್ಟೇ:
ಕಾಲು ಗಿಡ್ಡ ಮಾಡು, ಹದಿನೆಂಟರ ಬದಲು ಹದಿನಾಲ್ಕು ಇಂಗಾಲ,
ದಾರಿಯಲ್ಲೇ ಜಡೆ ಕಳಚಿ ಬೀಳುತ್ತದೆ.
ನಿಮ್ಮ ಹೆಸರೂ ಹಾಕುತ್ತೇನೆಂದ.
ಬೇಡ, ಒಂದು ಕೇಕು ತಾ, ಎಂದಳು.
ಇನ್ನೂ ತಂದಿಲ್ಲ.

ಮೊದಲ ಸೂಜಿಗೆ ಇಲಿಗಳ ನೆತ್ತರು ಸುಮ್ಮನಿತ್ತು.
ಏಳು ದಿನ ಬಿಟ್ಟು ಎರಡನೆಯದು.
ನಿನ್ನೆ ರಾತ್ರಿ ಎಣಿಸಿದಾಗ
ಅರ್ಧ ಗಂಟೆಯೊಳಗೆ ಹನಿಗಳೆಲ್ಲ ಯಕೃತ್ತಿನ ಪಾಲು.
ಇಲಿಯ ರಕ್ತಕ್ಕೂ ನೆನಪಿದೆ, ವಾರದ ನೆನಪು.
ಅಡಗಲು ಕೊಟ್ಟ ಜಡೆಯೇ
ಜುಟ್ಟಾಗಿ ಸಿಕ್ಕಿತ್ತು ಕೈಗೆ.

ಕಾರೆಲ್ ಕಿಟಕಿಗೆ ಹಣೆಯೊತ್ತಿ ನಿಂತ.
ಗಾಜಿನ ಮೇಲೆ ಉಸಿರಿನ ಮಚ್ಚೆ ದೊಡ್ಡದಾಯಿತು, ಸಣ್ಣದಾಯಿತು.
ಶೀಶೆ ಬೆಚ್ಚಗಾಗಿದೆ.
ವಿರ್ವೆ ಮುಚ್ಚಳ ತಿರುಗಿಸಿ ಆರ್ಗಾನ್ ನಳಿಕೆ ಹಿಡಿದಳು,
ಮೊದಲಿನ ಅರ್ಧದಷ್ಟೇ ಚಮಚದ ತುದಿಗೆ ತೆಗೆದಳು.
"ತೆಳ್ಳಗಾದರೆ ಗಂಟು ಕಟ್ಟುತ್ತದೆ," ಅವನೆಂದ, ತಿರುಗದೆ.
"ಕಟ್ಟಲಿ. ನನಗೂ ಮೊಮ್ಮಗಳಿದ್ದಾಳೆ,
ದಿನಾ ಬೆಳಿಗ್ಗೆ ಬಿಡಿಸುತ್ತೇನೆ."

ತಕ್ಕಡಿಯ ಕೊನೆಯ ಅಂಕಿ
ನಾಲ್ಕು, ಐದು, ನಾಲ್ಕು.
ಉಸಿರು ಹಿಡಿದಳು, ಅದು ನಿಲ್ಲಲೆಂದು.