ಮೂವತ್ತೊಂಬತ್ತನೇ ನಂಬರಿನ ಸೈಕಲ್ಲು

ಹದಿನೇಳು ವರ್ಷ ಲಾರಿ ಓಡಿಸಿದವಳು ನಾನು,
ಹ್ಯಾಂಬರ್ಗಿನ ಬಂದರಿನಿಂದ ಆಲ್ಪ್ಸ್ ಬೆಟ್ಟದ ಬುಡದವರೆಗೆ.
ಬಾಳೆಹಣ್ಣು, ಟೈಲ್ಸು,
ಒಮ್ಮೆ ಲೋಡು ಪೂರ್ತಿ ಗೋಡೆ ಗಡಿಯಾರ.
ಅವೆಲ್ಲ ನಿಂತಿದ್ದವು,
ನಾನೊಬ್ಬಳೇ ಓಡುತ್ತಿದ್ದೆ.

ಡಾಕ್ಟರು ನನ್ನ ಬೆನ್ನುಮೂಳೆಯ ಚಿತ್ರವನ್ನು ಬೆಳಕಿಗೆ ಹಿಡಿದು
ಮಳೆಗಾಲದ ರಸ್ತೆ ನೋಡಿದ ಹಾಗೆ ನೋಡಿದರು.
ಲಾರಿ ಹೋಗದ ಕಡೆ ಹೋಗಿ, ಎಂದರು.

ಬಂದೆ.
ಕಾರುಗಳೆಲ್ಲ ಆಚೆ ದಡದಲ್ಲೇ ಉಳಿದವು,
ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಹಾಗೆ.
ಹಡಗಿಳಿದರೆ ಕುದುರೆ ಲದ್ದಿಯ ವಾಸನೆ,
ಬಿಯರ್ ಕ್ರೇಟುಗಳ ಗಾಡಿ,
ಪಕ್ಕದಲ್ಲಿ ಹಬ್ಬೊನ ಅಂಗಡಿ. ಉಪ್ಪುಗಾಳಿಗೆ
ಬಾಡಿಗೆ ಸೈಕಲ್ಲುಗಳಿಗೆಲ್ಲ ತುಕ್ಕಿನ ಮಚ್ಚೆ.
'ಗೇರು ಇಲ್ಲವೆ?' ಎಂದೆ.
'ಯಾತಕ್ಕೆ? ಇಲ್ಲಿ ಏರು ಅಂದರೆ ಗಾಳಿ,
ಇಳಿಜಾರು ಅಂದರೂ ಅದೇ ಗಾಳಿ.'

ಮೊದಲ ದಿನ ಹಳೆಯ ಚಟ.
ಬಲಗಾಲು ಇಲ್ಲದ ಆಕ್ಸಿಲರೇಟರ್ ಹುಡುಕಿತು,
ಕಣ್ಣು ಇಲ್ಲದ ಕನ್ನಡಿ.
ಪಡುವಣ ತುದಿಯಿಂದ ಮೂಡಣ ತುದಿಗೆ ಹನ್ನೊಂದು ಕಿಲೋಮೀಟರು,
ಹೋಗಿ, ಮುಟ್ಟಿ, ತಿರುಗಿ ಬಂದೆ.
ಹತ್ತೂವರೆಗೆ ದ್ವೀಪ ಮುಗಿದಿತ್ತು.
'ಮುಗಿಸಿಬಿಟ್ಟಿರಾ?' ಹಬ್ಬೊ ಚೈನಿಗೆ ಎಣ್ಣೆ ಬಿಡುತ್ತ ನಕ್ಕ.
'ನನಗೆ ಅರವತ್ತೆರಡು, ಇನ್ನೂ ಅರ್ಧದಲ್ಲಿದ್ದೇನೆ.'

ಎರಡನೆಯ ದಿನ ಎದುರುಗಾಳಿ.
ಎಷ್ಟು ತುಳಿದರೂ ಬೇಲಿಯ ಅದೇ ಗೂಟ,
ಅದೇ ಕುರಿ, ಮೆಲುಕು ಹಾಕುತ್ತ ನನ್ನನ್ನೇ ನೋಡುವುದು.
ಕೊನೆಗೆ ಸಾಕೆಂದು ಸೋತೆ.
ಸೋತ ಮೇಲೆ ಕಾಣಿಸಿತು:
ಕಡಲು ಎದ್ದು ಹೋಗಿದೆ,
ಹಾಸಿಗೆ ಮಡಚದೆ ಹೋದವರ ಹಾಗೆ,
ಮೈಲಿಗಟ್ಟಲೆ ಕೆಸರು, ಅದರ ಮೇಲೆ
ಮಗ್ಗುಲು ಬದಲಿಸಿದ ನೆರಿಗೆಗಳು.

ಗೇಶೆಯ ಹೋಟೆಲಿನಲ್ಲಿ ಚಹಾ.
ತಳದಲ್ಲಿ ಕಲ್ಲುಸಕ್ಕರೆ ಬಿಸಿಗೆ ಚಟ್ಟನೆ ಬಿರಿಯಿತು,
ಮೇಲೆ ಕೆನೆ, ತಾನೇ ಇಳಿದು ತಾನೇ ಏಳುವ ಮೋಡ.
ಚಮಚಕ್ಕೆ ಕೈ ಹಾಕಿದೆ.
'ಕಲಕಬೇಡಿ,' ಎಂದಳು,
'ಮೊದಲು ಕೆನೆ, ಆಮೇಲೆ ಕಹಿ, ಸಿಹಿ ಕೊನೆಗೆ.
ಹೇಗೂ ಬರುತ್ತದೆ, ಅವಸರವೇನು?'

ಮೂರನೆಯ ದಿನ ಎಲ್ಲಿಗೂ ಹೋಗಲಿಲ್ಲ.
ಅಂದರೆ ದಿನವಿಡೀ ಸೈಕಲ್ಲಿನ ಮೇಲೇ ಇದ್ದೆ.
ಸಿಕ್ಕವರಿಗೆಲ್ಲ 'ಮೊಯಿನ್' ಅಂದೆ, ಅವರೂ ಅಂದರು.
ಬೆಳಿಗ್ಗೆಗೂ ಸಂಜೆಗೂ ಒಂದೇ ನಮಸ್ಕಾರ ಈ ಜನಕ್ಕೆ,
ಹೊತ್ತನ್ನು ವಿಂಗಡಿಸುವ ಗೊಡವೆಯಿಲ್ಲ.
ಇಟ್ಟಿಗೆ ಹಾಸಿದ ದಾರಿಯ ತಿರುವಿನಲ್ಲಿ
ಕ್ಯಾರೆಟ್ ಬಣ್ಣದ ಕೊಕ್ಕಿನ ಕರಿಬಿಳಿ ಹಕ್ಕಿ,
ಹಿಂದೆ ಎರಡು ಮರಿ, ನೂಲಿನುಂಡೆಗೆ ಕಾಲು ಬಂದ ಹಾಗೆ.
ನಾನು ನಿಂತೆ, ಕೈ ಅಡ್ಡ ಚಾಚಿದೆ.
ಹಿಂದೆ ಒಂದೊಂದಾಗಿ ನಿಂತವು
ಅಂಚೆಯವಳು, ತರಕಾರಿ ಬುಟ್ಟಿಯ ಹುಡುಗ,
ಚೀಲವನ್ನು ಹ್ಯಾಂಡಲಿಗೆ ನೇತುಹಾಕಿದ ಸೂಲಗಿತ್ತಿ.
ಯಾರೂ ಬೆಲ್ಲು ಹೊಡೆಯಲಿಲ್ಲ.
ಎರಡನೇ ಮರಿ ನಡುದಾರಿಯಲ್ಲಿ ಕೂತುಬಿಟ್ಟಿತು,
ಏನೋ ನೆನಪಾದವರ ಹಾಗೆ.
ಹೆದ್ದಾರಿಯಲ್ಲಿ ಇಷ್ಟು ಹೊತ್ತು ನಿಂತಿದ್ದರೆ
ರೇಡಿಯೋದಲ್ಲಿ ಸುದ್ದಿಯಾಗುತ್ತಿತ್ತು.

ಹೊರಡುವ ದಿನ ಸೈಕಲ್ ಒಪ್ಪಿಸಿದೆ.
ಹಬ್ಬೊ ಟೈರು ಹಿಸುಕಿದ, ಚೈನಿನ ಮರಳು ಕೊಡವಿದ.
'ಎರಡೇ ದಿನದ ಬಾಡಿಗೆ ಕೊಡಿ,
ಮೊದಲ ದಿನ ನೀವಿನ್ನೂ ಬಂದಿರಲಿಲ್ಲ.'
ನಾನು ಮೂರು ದಿನದ್ದು ಕೊಟ್ಟೆ.
ಬೇಡವೆನ್ನದೆ ಎಣಿಸಿಕೊಂಡ.

ಹಡಗು ಬಿಟ್ಟಿತು.
ಮೇಲಟ್ಟದ ಬೆಂಚಿನಲ್ಲಿ ಕೂತವಳ ಪಾದಗಳು
ಇನ್ನೂ ಸಣ್ಣಗೆ ಸುತ್ತು ಬರೆಯುತ್ತಿದ್ದವು.
ಪಕ್ಕದಲ್ಲಿದ್ದ ಮಗು ಅದನ್ನು ನೋಡಿ
ಬೆಂಚಿನ ಅಂಚಿಗೆ ಸರಿದು
ತಾನೂ ತುಳಿಯತೊಡಗಿತು.